ಗಾಲ್ಫ್ ಬೀಸಿನಲ್ಲಿ ಭಾರಾಂತರದ ದೋಷಗಳು ಮತ್ತು ಅವುಗಳ ತಿದ್ದುಗೆ

೧. ವಿಷಯ ಪ್ರವೇಶ

ಗಾಲ್ಫ್ ಆಟ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು ೧೮೭೬ರಲ್ಲಿ. ಹೊಸಕೋಟೆಯ ಮೂಲಕ ಪೂರ್ವಕ್ಕೆ ಸಾಗುವ ಹಳೆಯ ಮದರಾಸು ರಸ್ತೆಯ ದಿಕ್ಕಿನಲ್ಲಿ, ಕೋಲಾರದ ಚಿನ್ನದ ಗಣಿಗಳ ಆಂಗ್ಲ ಅಧಿಕಾರಿಗಳೂ ತಮ್ಮ ವಿನೋದಕ್ಕಾಗಿ ಮೈದಾನವೊಂದನ್ನು ನಿರ್ಮಿಸಿಕೊಂಡಿದ್ದರು. ಗಣಿಗಳು ೨೦೦೧ರಲ್ಲಿ ಮುಚ್ಚಿಹೋದುವು. ಆದರೆ ಆಟ ಮಾತ್ರ ಬೆಂಗಳೂರಿನ ಸುತ್ತಣ ಬಯಲುಸೀಮೆಯಲ್ಲಿ ಹಬ್ಬುತ್ತಲೇ ಬಂದಿದೆ. ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ, ಬಿಡದಿಯ ಕಡೆ ಈಗಲ್‌ಟನ್, ದೇವನಹಳ್ಳಿ ತಾಲ್ಲೂಕಿನಲ್ಲಿ ನಂದಿಬೆಟ್ಟದ ತಪ್ಪಲಿನ ಗಾಲ್ಫ್‌ಶೈರ್, ಕೋಲಾರದ ಬಳಿ ಜಯಾನ್ ಹಿಲ್ಸ್ - ಹೀಗೆ ಹೊಸಕೋಟೆಯಿಂದ ಒಂದೆರಡು ಗಂಟೆಯ ಪ್ರಯಾಣದೊಳಗೆ ಹಲವು ಮೈದಾನಗಳುಂಟು.

ಈ ಮೈದಾನಗಳು ಸಿರಿವಂತರ ಆಟದ ಬಯಲುಗಳೆಂಬ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಪೂರ್ಣ ಸತ್ಯವಲ್ಲ. ಬೆಂಗಳೂರಿನ ಮೈದಾನದಲ್ಲಿ ಪರರ ಚೀಲ ಹೊತ್ತು ಕ್ಯಾಡಿಯಾಗಿ ದುಡಿದ ಸಿ. ಮುನಿಯಪ್ಪನವರು ೨೦೦೯ರಲ್ಲಿ ಇಂಡಿಯನ್ ಓಪನ್ ಪಂದ್ಯಾವಳಿಯನ್ನು ಗೆದ್ದರು. ಬಿಡದಿಯ ಸಮೀಪದ ಹಳ್ಳಿಯೊಂದರಿಂದ ಬಂದ ಎಸ್. ಚಿಕ್ಕರಂಗಪ್ಪನವರು ವೃತ್ತಿ ಆಟಗಾರರಾಗಿ ಹೆಸರು ಗಳಿಸಿದರು. ಬೆಂಗಳೂರಿನ ಅದಿತಿ ಅಶೋಕ್ ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದು, ಕೇವಲ ಒಂದು ಹೊಡೆತದ ಅಂತರದಲ್ಲಿ ಪದಕದಿಂದ ವಂಚಿತರಾದರು. ಮೈದಾನಗಳ ಆಸುಪಾಸಿನ ಹಳ್ಳಿಗಳ ಯುವಕರು ಇಂದು ಕ್ಯಾಡಿಗಳಾಗಿ, ಹುಲ್ಲು ಕಾಯುವವರಾಗಿ, ಸಹಾಯಕ ಶಿಕ್ಷಕರಾಗಿ ಈ ಆಟವನ್ನು ನಂಬಿ ಬದುಕುತ್ತಿದ್ದಾರೆ. ಅವರಲ್ಲಿ ಕೆಲವರು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೂ ಆಗಿರುತ್ತಾರೆ. ಇಂಥವನಿಗೆ ಅಭ್ಯಾಸಕ್ಕೆ ದೊರೆಯುವ ಚೆಂಡುಗಳು ಎಣಿಕೆಯವು, ದೊರೆಯುವ ಸಮಯ ಅಲ್ಪ. ತಪ್ಪು ಸಲಹೆಯೊಂದನ್ನು ಆರು ತಿಂಗಳು ಅಭ್ಯಸಿಸಿ ಆಮೇಲೆ ತಿದ್ದಿಕೊಳ್ಳುವ ಅನುಕೂಲ ಅವನಿಗಿಲ್ಲ. ಅದಕ್ಕಿಂತ ಮುಖ್ಯವಾಗಿ, ತಪ್ಪು ಬೀಸಿನಿಂದ ಬೆನ್ನು ಕೆಟ್ಟರೆ ಅವನ ದುಡಿಮೆಯೇ ಕೆಡುತ್ತದೆ.

ಗಾಲ್ಫ್ ಶಿಕ್ಷಣದಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಾಗುವ ಮತ್ತು ಅತ್ಯಂತ ಕಡಿಮೆಯಾಗಿ ಅರ್ಥವಾಗಿರುವ ಸಲಹೆಗಳಲ್ಲೊಂದು ‘ಭಾರವನ್ನು ವರ್ಗಾಯಿಸು’ ಎಂಬುದು. ಪ್ರಕೃತ ಲೇಖನದಲ್ಲಿ ಈ ಭಾರಾಂತರದ ನಿಜವಾದ ಸ್ವರೂಪವೇನು, ಅದರಲ್ಲಿ ಒದಗುವ ದೋಷಗಳಾವುವು, ಅವುಗಳನ್ನು ಗುರುತಿಸಿ ತಿದ್ದುವ ಬಗೆ ಹೇಗೆ ಎಂಬುದನ್ನು ಪರಾಮರ್ಶಿಸಲಾಗಿದೆ. ಬಲಗೈ ಆಟಗಾರನನ್ನು ದೃಷ್ಟಿಯಲ್ಲಿಟ್ಟು ವಿವರಿಸಿರುವುದರಿಂದ ಗುರಿಯ ಕಡೆಗಿರುವುದು ಎಡಗಾಲು, ಹಿಂದಿರುವುದು ಬಲಗಾಲು ಎಂದು ತಿಳಿಯತಕ್ಕದ್ದು. ಎಡಗೈ ಆಟಗಾರನಿಗೆ ಇದೇ ವಿವರಣೆ ತಿರುಗುಮುರುಗಾಗಿ ಅನ್ವಯಿಸುತ್ತದೆ. ದಾಂಡನ್ನು ಹಿಂದಕ್ಕೆತ್ತುವ ಭಾಗವನ್ನು ಹಿಂಬೀಸು ಎಂದೂ, ಚೆಂಡಿನ ಕಡೆಗೆ ಇಳಿಸುವ ಭಾಗವನ್ನು ಇಳಿಬೀಸು ಎಂದೂ ಕರೆದಿದೆ.

೨. ಭಾರ ಮತ್ತು ಒತ್ತಡ

‘ಭಾರ’ ಎಂಬ ಒಂದೇ ಮಾತಿನಿಂದ ಎರಡು ಬೇರೆ ಬೇರೆ ಸಂಗತಿಗಳನ್ನು ಸೂಚಿಸುವುದು ನಮ್ಮ ಮೊದಲ ತೊಡಕು. ದೇಹದ ದ್ರವ್ಯರಾಶಿಯೆಲ್ಲವೂ ಸಂಗ್ರಹವಾದಂತೆ ಭಾವಿಸಬಹುದಾದ ಬಿಂದು ದ್ರವ್ಯಕೇಂದ್ರ. ನೆಟ್ಟಗೆ ನಿಂತ ಮನುಷ್ಯನಲ್ಲಿ ಇದು ಹೊಕ್ಕುಳಿಗಿಂತ ಕೊಂಚ ಕೆಳಗೆ, ದೇಹದ ಒಳಗಿರುತ್ತದೆ. ಪಾದಗಳು ನೆಲವನ್ನು ಒತ್ತುವ ಬಲವೆಲ್ಲ ಒಂದೇ ಕಡೆ ಕ್ರಿಯೆ ನಡೆಸುವಂತೆ ಭಾವಿಸಬಹುದಾದ ಬಿಂದು ಒತ್ತಡಕೇಂದ್ರ. ಇದು ನೆಲದ ಮೇಲೆ, ಪಾದಗಳ ಅಡಿಯಲ್ಲಿ ಅಥವಾ ಅವುಗಳ ನಡುವೆ ಇರುತ್ತದೆ. ಮನುಷ್ಯ ನಿಶ್ಚಲನಾಗಿ ನಿಂತಾಗ ಎರಡೂ ಒಂದರ ಕೆಳಗೊಂದು ಇರುತ್ತವೆ. ಚಲಿಸತೊಡಗಿದೊಡನೆ ಇವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ನಡಿಗೆಯ ಪ್ರಾರಂಭವನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ನಿಂತಲ್ಲಿಂದ ಬಲಗಾಲನ್ನು ಮೊದಲು ಎತ್ತಿಡಬೇಕಾದರೆ ದೇಹವು ಎಡಗಾಲಿನ ಮೇಲೆ ಬರಬೇಕು. ಆದರೆ ದೇಹ ಎಡಕ್ಕೆ ಹೋಗುವ ಮುನ್ನ ನಾವು ಅರಿವಿಲ್ಲದೆಯೇ ಬಲಪಾದದಿಂದ ನೆಲವನ್ನು ಒತ್ತುತ್ತೇವೆ. ಬಲಕ್ಕೆ ಒತ್ತಿದ್ದರಿಂದಲೇ ದೇಹ ಎಡಕ್ಕೆ ಸರಿಯುತ್ತದೆ. ದೋಣಿಯವನು ಗಳುವನ್ನು ಹಿಂದಕ್ಕೆ ಊರಿದರೆ ದೋಣಿ ಮುಂದಕ್ಕೆ ಹೋಗುವಂತೆ ಇದೂ ನ್ಯೂಟನ್ನನ ಮೂರನೆಯ ನಿಯಮದ ಫಲ. ಒತ್ತಡವೇ ಕಾರಣ, ದೇಹದ ಚಲನೆ ಅದರ ಕಾರ್ಯ.

ಮನೆಯ ತೂಕದ ಯಂತ್ರದ ಮೇಲೆ ನಿಂತು ಒಮ್ಮೆಲೇ ಮೊಣಕಾಲು ಬಗ್ಗಿಸಿದರೆ ಮುಳ್ಳು ಮೊದಲು ಕೆಳಗಿಳಿದು, ಕುಸಿತವನ್ನು ತಡೆದು ನಿಲ್ಲಿಸುವಾಗ ದೇಹತೂಕವನ್ನೂ ಮೀರಿ ಮೇಲೇರುವುದನ್ನು ನೋಡಬಹುದು. ದೇಹದ ತೂಕ ಬದಲಾಗಿಲ್ಲ, ನೆಲದ ಮೇಲಣ ಒತ್ತಡ ಬದಲಾಗಿದೆ. ಗಾಲ್ಫ್ ಆಟಗಾರನ ಪಾದಗಳ ಅಡಿಯಲ್ಲಿ ನಡೆಯುವುದೂ ಇದೇ. ಆದುದರಿಂದ ಭಾರಾಂತರ ಎಂದರೆ ಮೂಟೆಯನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿದಂತೆ ದೇಹವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಸಾಗಿಸುವುದಲ್ಲ. ಅದು ಮುಖ್ಯವಾಗಿ ಒತ್ತಡದ ಅಂತರ. ದೇಹ ಅಲ್ಪವಾಗಿ ಸರಿಯುತ್ತದೆ, ಒತ್ತಡ ಬಹಳವಾಗಿ ಸರಿಯುತ್ತದೆ.

೩. ಬಲದ ಮೂಲ

ಭಾರವನ್ನು ಚೆಂಡಿನ ಮೇಲೆ ಎಸೆಯುವುದರಿಂದ ಚೆಂಡು ದೂರ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸ್ವಲ್ಪ ಲೆಕ್ಕ ಹಾಕಿ ಇದನ್ನು ಪರೀಕ್ಷಿಸೋಣ. ಉದ್ದ ಹೊಡೆತದ ದಾಂಡಾದ ಡ್ರೈವರಿನ ತಲೆಯ ದ್ರವ್ಯರಾಶಿ ಸುಮಾರು ೨೦೦ ಗ್ರಾಂ. ನುರಿತ ವೃತ್ತಿ ಆಟಗಾರನ ಕೈಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ೫೦ ಮೀಟರು. ಇದರ ಚಲನಶಕ್ತಿ ೨೫೦ ಜೂಲ್. ೭೦ ಕಿಲೋಗ್ರಾಂ ತೂಕದ ಆಟಗಾರನ ದೇಹವು ಗುರಿಯ ಕಡೆಗೆ ಸೆಕೆಂಡಿಗೆ ಅರ್ಧ ಮೀಟರಿನಂತೆ ಸರಿಯುತ್ತಿದೆಯೆಂದು ಇಟ್ಟುಕೊಂಡರೆ, ಆ ಚಲನಶಕ್ತಿ ೯ ಜೂಲಿಗಿಂತಲೂ ಕಡಿಮೆ. ಅದೆಲ್ಲವೂ ಒಂದಿಷ್ಟೂ ಪೋಲಾಗದೆ ದಾಂಡಿಗೆ ಸಂದರೂ ಬೇಕಾದದ್ದರ ಇಪ್ಪತ್ತೈದನೆಯ ಒಂದು ಭಾಗಕ್ಕೆ ಸಾಲದು. ಅಲ್ಲದೆ ದಾಂಡು ಮತ್ತು ಚೆಂಡಿನ ಸಂಪರ್ಕ ಸುಮಾರು ಅರ್ಧ ಮಿಲಿಸೆಕೆಂಡು ಮಾತ್ರ ಇರುತ್ತದೆ. ೪೬ ಗ್ರಾಂ ಮೀರದ ಚೆಂಡು ಅಷ್ಟರಲ್ಲಿ ಹಾರಿಹೋಗಿರುತ್ತದೆ. ಬಳುಕುವ ಹಿಡಿಕೋಲಿನ ಮೂಲಕ ದೇಹದ ಭಾರವು ಆ ಕ್ಷಣದಲ್ಲಿ ಚೆಂಡನ್ನು ಮುಟ್ಟುವ ಅವಕಾಶವೇ ಇಲ್ಲ. ಆಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ೧೯೬೮ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಂಶೋಧನ ಗ್ರಂಥದಲ್ಲಿ ಗಾಲ್ಫ್ ಬೀಸನ್ನು ಒಂದಕ್ಕೊಂದು ಕೀಲಿಸಿದ ಎರಡು ಲೋಲಕಗಳ ಚಲನೆಯೆಂದು ವಿವರಿಸಿದ್ದಾರೆ. ತೋಳುಗಳು ಒಂದು ಲೋಲಕ, ದಾಂಡು ಇನ್ನೊಂದು. ಹೊಲದಲ್ಲಿ ಹಕ್ಕಿ ಓಡಿಸುವವನ ಕವಣೆಯಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು: ತೋಳು ನಿಧಾನಿಸುತ್ತಿದ್ದಂತೆ ಕವಣೆಯ ತುದಿ ವೇಗ ಪಡೆಯುತ್ತದೆ.

ಹಾಗಾದರೆ ಭಾರಾಂತರದ ಪ್ರಯೋಜನವೇನು? ಮೂರು ಪ್ರಯೋಜನಗಳನ್ನು ಹೇಳಬಹುದು.

ಮೊದಲನೆಯದು ದೊಡ್ಡ ಸ್ನಾಯುಗಳ ಬಳಕೆ. ಇಳಿಬೀಸಿನ ಅವಧಿ ಸುಮಾರು ಕಾಲು ಸೆಕೆಂಡು. ಅಷ್ಟರಲ್ಲಿ ೨೫೦ ಜೂಲ್ ಶಕ್ತಿಯನ್ನು ದಾಂಡಿನ ತಲೆಗೆ ಒದಗಿಸಬೇಕಾದರೆ ಸರಾಸರಿ ೧೦೦೦ ವ್ಯಾಟ್, ಎಂದರೆ ಒಂದು ಅಶ್ವಶಕ್ತಿಗಿಂತಲೂ ಮಿಗಿಲಾದ ಸಾಮರ್ಥ್ಯ ಬೇಕು. ಇದು ಮಣಿಕಟ್ಟು, ಮುಂಗೈಗಳಿಂದ ಆಗತಕ್ಕ ಕೆಲಸವಲ್ಲ. ತೊಡೆ, ಸೊಂಟ, ಬೆನ್ನಿನ ಸ್ನಾಯುಗಳು ದುಡಿಯಲೇಬೇಕು. ಅವು ದುಡಿಯುವುದು ನೆಲವನ್ನು ಒತ್ತಿ.

ಎರಡನೆಯದು ದೇಹವನ್ನು ತಿರುಗಿಸುವ ಜೋಡಿಬಲ. ಇಳಿಬೀಸಿನಲ್ಲಿ ಒಂದು ಪಾದ ನೆಲವನ್ನು ಬೆರಳುಗಳ ಕಡೆಗೂ ಇನ್ನೊಂದು ಹಿಮ್ಮಡಿಯ ಕಡೆಗೂ ತಳ್ಳುವುದರಿಂದ ಸೊಂಟ ತಿರುಗುತ್ತದೆ. ಆದರೆ ಪಾದವೊಂದು ನೆಲವನ್ನು ಅಡ್ಡಲಾಗಿ ತಳ್ಳಬೇಕಾದರೆ ಅದರ ಮೇಲೆ ಒತ್ತಡವಿರಬೇಕು. ಇಲ್ಲದಿದ್ದರೆ ಅದು ಜಾರುತ್ತದೆ. ಘರ್ಷಣಾಂಕ ೦.೬ ಎಂದಿಟ್ಟುಕೊಂಡರೆ, ೭ ಕಿಲೋಗ್ರಾಂ ಭಾರ ಹೊತ್ತ ಪಾದ ಸುಮಾರು ೪ ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಮಾತ್ರ ತಳ್ಳಬಲ್ಲುದು. ೫೦ ಕಿಲೋಗ್ರಾಂ ಹೊತ್ತ ಪಾದ ೩೦ರಷ್ಟು ಬಲದಿಂದ ತಳ್ಳಬಲ್ಲುದು. ಎಡಗಾಲಿನ ಮೇಲೆ ಒತ್ತಡ ಬಾರದಿದ್ದವನ ಸೊಂಟ ಏಕೆ ತಿರುಗುವುದಿಲ್ಲವೆಂಬುದಕ್ಕೆ ಉತ್ತರ ಇಲ್ಲಿದೆ.

ಮೂರನೆಯದು ದಾಂಡಿನ ದಾರಿಯ ಅತ್ಯಂತ ಕೆಳಗಿನ ಬಿಂದು. ನೆಲದ ಮೇಲಿರುವ ಚೆಂಡನ್ನು ಕಬ್ಬಿಣದ ದಾಂಡಿನಿಂದ ಹೊಡೆಯುವಾಗ ಈ ಬಿಂದು ಚೆಂಡಿನಿಂದ ಕೆಲವು ಅಂಗುಲ ಮುಂದಿರಬೇಕು. ಮೊದಲು ಚೆಂಡು, ಆಮೇಲೆ ಹುಲ್ಲು. ದೇಹ ಹಿಂದೆ ಉಳಿದರೆ ಆ ಬಿಂದುವೂ ಹಿಂದೆ ಉಳಿದು, ದಾಂಡು ಮೊದಲು ನೆಲವನ್ನು ಬಡಿಯುತ್ತದೆ, ಇಲ್ಲವೆ ಮೇಲೇಳುತ್ತ ಚೆಂಡಿನ ನೆತ್ತಿಯನ್ನು ಸವರುತ್ತದೆ. ಟೋಕಿಯೋದಲ್ಲಿ ಅದಿತಿ ಅಶೋಕ್ ದೂರ ಹೊಡೆಯುವವರ ಪೈಕಿ ಹಿಂದಿನ ಸಾಲಿನಲ್ಲಿದ್ದರೂ ಜಗತ್ತಿನ ಶ್ರೇಷ್ಠರೊಡನೆ ಕೊನೆಯ ಕುಳಿಯವರೆಗೆ ಸೆಣಸಿದರು. ದೂರವೊಂದೇ ಆಟವಲ್ಲ, ಬೀಸಿದಾಗಲೆಲ್ಲ ದಾಂಡು ಒಂದೇ ಸ್ಥಳಕ್ಕೆ ಮರಳಿ ಬರುವುದು ಅದಕ್ಕಿಂತ ಬೆಲೆಯುಳ್ಳದ್ದು.

೪. ಸಹಜ ಕ್ರಮ

ಹೊಸಕೋಟೆ ತಾಲ್ಲೂಕಿನ ನೀಲಗಿರಿ ತೋಪುಗಳಲ್ಲಿ ಮರದ ಬುಡಕ್ಕೆ ಓರೆಯಾಗಿ ಕೊಡಲಿ ಹಾಕುವವನ ಪಾದಗಳನ್ನು ಗಮನಿಸಬೇಕು. ಕೊಡಲಿ ಹಿಂದಕ್ಕೆ ಹೋಗುವಾಗ ಅವನ ಹಿಂಗಾಲು ಭದ್ರವಾಗಿ ಊರುತ್ತದೆ. ಕೊಡಲಿ ಇನ್ನೂ ಹಿಂದಿರುವಾಗಲೇ ಮುಂದಿನ ಪಾದ ನೆಲವನ್ನು ಹಿಡಿಯುತ್ತದೆ. ಕೊಡಲಿ ಆಮೇಲೆ ಬರುತ್ತದೆ. ಯಾರೂ ಅವನಿಗೆ ಇದನ್ನು ಪಾಠ ಹೇಳಿಲ್ಲ. ಆಯದ ಕೆಲಸವೇ ಅವನಿಗೆ ಕಲಿಸಿದೆ.

ಗಾಲ್ಫಿನ ಸಾಮಾನ್ಯ ಕ್ರಮವೂ ಇಂಥದೇ. ಚೆಂಡಿನೆದುರು ನಿಂತಾಗ ಒತ್ತಡ ಎರಡು ಪಾದಗಳಲ್ಲಿ ಹೆಚ್ಚು ಕಡಿಮೆ ಸಮನಾಗಿರುತ್ತದೆ. ಹಿಂಬೀಸು ಮೊದಲಾದೊಡನೆ ಅದು ಬಲಪಾದಕ್ಕೆ ಸರಿದು, ಅಲ್ಲಿ ಸುಮಾರು ಮುಕ್ಕಾಲು ಪಾಲು ಸೇರುತ್ತದೆ. ದಾಂಡು ಇನ್ನೂ ಹಿಂದಕ್ಕೆ ಚಲಿಸುತ್ತಿರುವಾಗಲೇ ಒತ್ತಡ ಎಡಕ್ಕೆ ಮರಳತೊಡಗುತ್ತದೆ. ಇಳಿಬೀಸಿನಲ್ಲಿ ಎಡಪಾದದ ಮೇಲೆ ಒತ್ತಡ ವೇಗವಾಗಿ ಏರುತ್ತದೆ. ಬಲಶಾಲಿಗಳಲ್ಲಿ ಎರಡು ಪಾದಗಳ ಒಟ್ಟು ಒತ್ತಡ ದೇಹತೂಕವನ್ನು ಮೀರುವುದುಂಟು. ಮುಕ್ತಾಯದಲ್ಲಿ ದೇಹ ಎಡಗಾಲಿನ ಮೇಲೆ ನೆಟ್ಟಗೆ ನಿಂತು, ಬಲಪಾದದ ತುದಿಬೆರಳು ಮಾತ್ರ ನೆಲ ಮುಟ್ಟಿರುತ್ತದೆ. ಹಿಂಬೀಸಿನ ಅವಧಿ ಇಳಿಬೀಸಿನ ಸುಮಾರು ಮೂರು ಪಟ್ಟು ಎಂಬುದನ್ನೂ ನೆನಪಿಡಬೇಕು. ಕಾಲು ಸೆಕೆಂಡಿನ ಇಳಿಬೀಸಿನೊಳಗೆ ಯೋಚಿಸಿ ತಿದ್ದಿಕೊಳ್ಳುವುದು ಯಾರಿಂದಲೂ ಆಗದು. ತಿದ್ದುಗೆಯೇನಿದ್ದರೂ ಅದಕ್ಕೆ ಮುಂಚೆಯೇ ಸಿದ್ಧವಾಗಿರಬೇಕು.

೫. ನಾಲ್ಕು ಮುಖ್ಯ ದೋಷಗಳು

(ಅ) ಪಕ್ಕಕ್ಕೆ ಓಲುವುದು. ಹಿಂಬೀಸಿನಲ್ಲಿ ಸೊಂಟ ತಿರುಗುವುದಕ್ಕೆ ಬದಲಾಗಿ ಬಲಕ್ಕೆ ಸರಿದು, ಒತ್ತಡ ಬಲಪಾದದ ಹೊರಅಂಚಿಗೆ ಹೋಗುತ್ತದೆ. ‘ಭಾರವನ್ನು ಬಲಕ್ಕೆ ಹಾಕು’ ಎಂಬ ಆಜ್ಞೆಯನ್ನು ವಿಧೇಯನಾಗಿ ಪಾಲಿಸಿದ ವಿದ್ಯಾರ್ಥಿಯ ದೋಷ ಇದು. ದೇಹ ೧೦ ಸೆಂಟಿಮೀಟರು ಬಲಕ್ಕೆ ಓಲಿತೆನ್ನೋಣ. ಅದನ್ನು ನಿಶ್ಚಲ ಸ್ಥಿತಿಯಿಂದ ಕಾಲು ಸೆಕೆಂಡಿನಲ್ಲಿ ಮೊದಲಿನ ಸ್ಥಾನಕ್ಕೆ ತರಬೇಕಾದರೆ ಗುರುತ್ವ ವೇಗೋತ್ಕರ್ಷದ ಸುಮಾರು ಮೂರನೆಯ ಒಂದರಷ್ಟು ವೇಗೋತ್ಕರ್ಷ ಬೇಕು; ೭೦ ಕಿಲೋಗ್ರಾಂ ದೇಹಕ್ಕೆ ಇದು ಸುಮಾರು ೨೩ ಕಿಲೋಗ್ರಾಂ ಭಾರಕ್ಕೆ ಸಮನಾದ ಅಡ್ಡಬಲ. ಅದೂ ದೇಹವನ್ನು ಮರಳಿ ತರುವುದಕ್ಕೆ ಮಾತ್ರ, ತಿರುಗಿಸುವ ಕೆಲಸ ಇನ್ನೂ ಬಾಕಿ ಇರುತ್ತದೆ. ಆದಕಾರಣ ಓಲುವವನು ಒಮ್ಮೆ ಸಕಾಲಕ್ಕೆ ಮರಳುತ್ತಾನೆ, ಮೂರು ಸಲ ಮರಳುವುದಿಲ್ಲ.

(ಆ) ವಿಪರ್ಯಸ್ತ ಭಾರಾಂತರ. ಇದು ಮೇಲಿನದಕ್ಕೆ ಪ್ರತಿಯಾದದ್ದು. ಹಿಂಬೀಸಿನ ತುದಿಯಲ್ಲಿ ಮೇಲ್ದೇಹ ಗುರಿಯ ಕಡೆಗೆ ವಾಲಿ ಎಡಗಾಲಿನ ಮೇಲೆ ಭಾರವಿರುತ್ತದೆ. ಇಳಿಬೀಸಿನಲ್ಲಿ ದೇಹ ಬಲಗಾಲಿನ ಮೇಲೆ ಹಿಂದಕ್ಕೆ ಬೀಳುತ್ತದೆ. ‘ತಲೆಯನ್ನು ಅಲ್ಲಾಡಿಸಬೇಡ’ ಎಂಬ ಸಲಹೆಯನ್ನು ಅತಿಯಾಗಿ ಪಾಲಿಸುವುದು ಇದಕ್ಕೆ ಸಾಮಾನ್ಯ ಕಾರಣ. ತಲೆ ಒಂದು ಕಡೆ ಮೊಳೆ ಹೊಡೆದಂತೆ ನಿಂತಾಗ ಬೆನ್ನುಹುರಿಯ ಬುಡ ಬಲಕ್ಕೆ ಸರಿಯುತ್ತದೆ. ಆಗ ಬೆನ್ನು ಗುರಿಯ ಕಡೆಗೆ ವಾಲದೆ ಬೇರೆ ದಾರಿಯಿಲ್ಲ. ಹಿಂಬೀಸಿನಲ್ಲಿ ತಲೆ ಕೊಂಚ ಬಲಕ್ಕೆ ಚಲಿಸುವುದು ದೋಷವಲ್ಲ. ಭುಜಗಳು ತಿರುಗದೆ ತೋಳುಗಳು ಮಾತ್ರ ಮೇಲೇರುವುದು ಇದರ ಇನ್ನೊಂದು ಕಾರಣ.

(ಇ) ಹಿಂದೆ ಉಳಿಯುವುದು. ಹಿಂಬೀಸು ಸರಿಯಾಗಿದ್ದರೂ ಇಳಿಬೀಸಿನಲ್ಲಿ ಒತ್ತಡ ಬಲಪಾದದಲ್ಲೇ ಉಳಿಯುತ್ತದೆ. ಇದರ ಮೂಲ ಕಾಲಿನಲ್ಲಿಲ್ಲ, ಮನಸ್ಸಿನಲ್ಲಿದೆ: ಚೆಂಡನ್ನು ತಾನು ಮೇಲಕ್ಕೆತ್ತಬೇಕೆಂಬ ಹಂಬಲ. ನಮ್ಮ ಹುಡುಗರಲ್ಲಿ ಇದು ಸ್ವಾಭಾವಿಕ. ಚಿನ್ನಿದಾಂಡಿನಲ್ಲಿ ಚಿನ್ನಿಯನ್ನು ಮೊದಲು ಎಬ್ಬಿಸಿ ಆಮೇಲೆ ಹೊಡೆಯುತ್ತೇವೆ. ಕ್ರಿಕೆಟ್ಟಿನಲ್ಲಿ ಹಿಂಗಾಲಿನ ಮೇಲೆ ನಿಂತು ಚೆಂಡನ್ನು ಬೌಂಡರಿಯಾಚೆ ಎತ್ತುತ್ತೇವೆ. ಗಾಲ್ಫಿನಲ್ಲಿ ಚೆಂಡನ್ನೆತ್ತುವುದು ದಾಂಡಿನ ಮುಖದ ಇಳಿಜಾರು. ಆ ಕೋನ ಡ್ರೈವರಿನಲ್ಲಿ ಸುಮಾರು ೧೦ ಡಿಗ್ರಿ, ಪಿಚಿಂಗ್ ವೆಡ್ಜಿನಲ್ಲಿ ಸುಮಾರು ೪೫ ಡಿಗ್ರಿ. ದಾಂಡಿಗೆ ಒಪ್ಪಿಸಿದ ಕೆಲಸವನ್ನು ದೇಹ ಮಾಡಹೋದಾಗ ಎರಡೂ ಕೆಡುತ್ತವೆ.

(ಈ) ಮುಂದಕ್ಕೆ ಜಾರುವುದು. ಇಳಿಬೀಸಿನಲ್ಲಿ ಸೊಂಟ ಎಡಕ್ಕೆ ಸರಿದು, ನಿಂತು ತಿರುಗಬೇಕಾದಲ್ಲಿ ತಿರುಗದೆ, ಎಡಪಾದದ ಹೊರಅಂಚನ್ನು ದಾಟಿ ಜಾರುತ್ತಲೇ ಹೋಗುತ್ತದೆ. ಬಂಡಿ ನಿಂತಾಗ ಅದರಲ್ಲಿದ್ದವನು ಮುಂದಕ್ಕೆ ಮುಗ್ಗರಿಸುವಂತೆ, ಎಡಗಾಲು ತಡೆದು ನಿಂತಾಗಲೇ ಮೇಲಿನ ಅಂಗಗಳು ವೇಗ ಪಡೆಯುವುದು. ತಡೆಯಿಲ್ಲದಲ್ಲಿ ವೇಗವಿಲ್ಲ. ಹಿಂದೆ ಉಳಿಯುವ ದೋಷವನ್ನು ತಿದ್ದಹೋಗಿ ಈ ದೋಷಕ್ಕೆ ಬೀಳುವವರು ಬಹಳ.

೬. ದೋಷವೆಂದು ತೋರುವುದೆಲ್ಲ ದೋಷವಲ್ಲ

ಇಲ್ಲಿ ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಸಂಶೋಧನೆಯೊಂದುಂಟು. ಆಸ್ಟ್ರೇಲಿಯದ ಕೆವಿನ್ ಬಾಲ್ ಮತ್ತು ರಸೆಲ್ ಬೆಸ್ಟ್ ಎಂಬ ವಿದ್ವಾಂಸರು ವೃತ್ತಿಪರರಿಂದ ಹಿಡಿದು ಸಾಮಾನ್ಯ ಆಟಗಾರರವರೆಗೆ ೬೨ ಮಂದಿಯ ಒತ್ತಡಕೇಂದ್ರದ ಚಲನೆಯನ್ನು ಬಲಮಾಪಕ ಫಲಕಗಳ ಮೇಲೆ ಅಳೆದು ೨೦೦೭ರಲ್ಲಿ ಪ್ರಕಟಿಸಿದರು. ಅವರಿಗೆ ಒಂದಲ್ಲ, ಎರಡು ಮುಖ್ಯ ಶೈಲಿಗಳು ಕಂಡುಬಂದುವು. ಮೊದಲನೆಯ ಗುಂಪಿನಲ್ಲಿ ಒತ್ತಡಕೇಂದ್ರ ಇಳಿಬೀಸಿನಲ್ಲಿ ಎಡಪಾದದ ಕಡೆಗೆ ಸರಿದು ಚೆಂಡನ್ನು ಹೊಡೆಯುವಾಗಲೂ ಅಲ್ಲೇ ಇತ್ತು. ಎರಡನೆಯ ಗುಂಪಿನಲ್ಲಿ ಅದು ಇಳಿಬೀಸಿನ ಮೊದಲ ಭಾಗದಲ್ಲಿ ಎಡಕ್ಕೆ ಸರಿದು, ಚೆಂಡನ್ನು ಹೊಡೆಯುವ ಹೊತ್ತಿಗೆ ಮತ್ತೆ ನಡುವಿನ ಕಡೆಗೆ ಮರಳಿತ್ತು. ಶಿಕ್ಷಣ ಗ್ರಂಥಗಳ ಪ್ರಕಾರ ಎರಡನೆಯದು ದೋಷ. ಆದರೆ ಎರಡು ಗುಂಪುಗಳಲ್ಲಿಯೂ ನುರಿತವರೂ ಇದ್ದರು, ಸಾಧಾರಣರೂ ಇದ್ದರು.

ಇದರಿಂದ ಒದಗುವ ಪಾಠ ಸ್ಪಷ್ಟ. ಚೆಂಡನ್ನು ಹೊಡೆಯುವ ಕ್ಷಣದ ಒಂದು ಛಾಯಾಚಿತ್ರ ನೋಡಿ, ಎಡಗಾಲಿನ ಮೇಲೆ ಭಾರ ಸಾಲದೆಂದು ತೀರ್ಪು ಕೊಡಲಾಗದು. ಎರಡು ಶೈಲಿಗಳಿಗೂ ಸಾಮಾನ್ಯವಾದ ಅಂಶವೆಂದರೆ ಹಿಂಬೀಸಿನಲ್ಲಿ ಒತ್ತಡ ಬಲಕ್ಕೆ ಹೋಗಿ ಇಳಿಬೀಸಿನ ಮೊದಲಲ್ಲಿ ಎಡಕ್ಕೆ ಬರುವುದು. ಅದು ಕಾಣದಿದ್ದರೆ ಮಾತ್ರ ದೋಷವೆನ್ನುವುದು ನ್ಯಾಯ. ಚೆಂಡು ನೇರವಾಗಿ ಹೋಗುತ್ತಿದ್ದು, ದಾಂಡು ನೆಲವನ್ನು ಒಂದೇ ಕಡೆ ಮುಟ್ಟುತ್ತಿದ್ದು, ಬೆನ್ನಿಗೆ ನೋವಿಲ್ಲದಿದ್ದರೆ, ವಿದ್ಯಾರ್ಥಿಯ ಶೈಲಿ ಪುಸ್ತಕದ ಚಿತ್ರವನ್ನು ಹೋಲುವುದಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಕೆಡಿಸಬಾರದು. ಮೈಮುರಿದು ದುಡಿದು ಬಂದ ಹಳ್ಳಿಯ ಹುಡುಗನಲ್ಲಿ ಸಹಜವಾಗಿರುವ ಲಯವನ್ನು ಮುರಿಯುವುದು ಸುಲಭ, ಮರಳಿ ಕಟ್ಟುವುದು ಕಷ್ಟ.

೭. ಪರೀಕ್ಷೆ ಮತ್ತು ತಿದ್ದುಗೆ

ಬಲಮಾಪಕ ಫಲಕಗಳು ದುಬಾರಿ. ಆದರೆ ನಮ್ಮ ಕಾಲೇಜುಗಳಲ್ಲಿ ಸುಲಭವಾಗಿ ನಡೆಸಬಹುದಾದ ಪರೀಕ್ಷೆಗಳು ಮೂರುಂಟು.

ಮೊದಲನೆಯದಾಗಿ, ಬಯಲಿನಲ್ಲಿ ಸುಣ್ಣದ ಪುಡಿಯಿಂದ ಗೆರೆಯೊಂದನ್ನೆಳೆದು, ಗೆರೆ ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆ ಕಬ್ಬಿಣದ ದಾಂಡನ್ನು ಹತ್ತು ಸಲ ಬೀಸಬೇಕು. ಪ್ರತಿ ಸಲವೂ ಗೆರೆಯ ಮೇಲೆ ಒಂದು ಹೆಜ್ಜೆ ಮುಂದೆ ಸರಿದು ನಿಲ್ಲಬೇಕು. ದಾಂಡು ನೆಲವನ್ನು ಕೆರೆದ ಗುರುತು ಗೆರೆಯ ಗುರಿಯ ಕಡೆಗಿದ್ದರೆ ಸರಿ. ಬಲಗಡೆಗಿದ್ದರೆ ದೇಹ ಹಿಂದುಳಿದಿದೆ. ಗುರುತುಗಳು ಅತ್ತಿತ್ತ ಚದರಿದ್ದರೆ ಓಲಾಟವನ್ನು ಶಂಕಿಸಬೇಕು. ಎರಡನೆಯದಾಗಿ, ಬೀಸು ಮುಗಿದ ಭಂಗಿಯಲ್ಲಿ ಮೂರು ಎಣಿಸುವವರೆಗೆ ನಿಲ್ಲುವಂತೆ ಹೇಳಿ, ಬಲಪಾದವನ್ನು ನೆಲದಿಂದ ಎತ್ತಿಸಬೇಕು. ಎತ್ತಲಾಗದವನು ಹಿಂದೆ ಉಳಿದಿದ್ದಾನೆ. ಎತ್ತಿದೊಡನೆ ಎಡಕ್ಕೆ ಮುಗ್ಗರಿಸುವವನು ಜಾರಿದ್ದಾನೆ. ಮೂರನೆಯದಾಗಿ, ಸೆಕೆಂಡಿಗೆ ೨೪೦ ಚಿತ್ರ ತೆಗೆಯಬಲ್ಲ ಮೊಬೈಲ್ ಫೋನಿನಿಂದ ಎದುರಿನಿಂದ ಚಿತ್ರೀಕರಿಸಬೇಕು. ಕಾಲು ಸೆಕೆಂಡಿನ ಇಳಿಬೀಸು ಆಗ ೬೦ ಚಿತ್ರಗಳಾಗಿ ಬಿಡಿಸಿಕೊಳ್ಳುತ್ತದೆ. ದಾಂಡು ತುದಿ ಮುಟ್ಟಿದಾಗ ಬೆನ್ನು ಯಾವ ಕಡೆಗೆ ವಾಲಿದೆ, ಸೊಂಟ ಎಲ್ಲಿದೆ ಎಂಬುದನ್ನು ಇದರಲ್ಲಿ ನೋಡತಕ್ಕದ್ದು. ಆದರೆ ಚಿತ್ರದಲ್ಲಿ ಕಾಣುವುದು ದೇಹದ ಸ್ಥಾನ, ಒತ್ತಡವಲ್ಲ ಎಂಬುದನ್ನು ಮರೆಯಬಾರದು. ಎರಡು ತೂಕದ ಯಂತ್ರಗಳ ಮೇಲೆ ಒಂದೊಂದು ಪಾದವಿಟ್ಟು, ಬಹು ನಿಧಾನವಾಗಿ ದಾಂಡನ್ನೆತ್ತಿ ತೋರಿಸುವುದು ತರಗತಿಯ ಪ್ರಾತ್ಯಕ್ಷಿಕೆಗೆ ಉಪಯುಕ್ತ. ವೇಗದ ಬೀಸಿನಲ್ಲಿ ಅವುಗಳ ಅಂಕಿಗಳನ್ನು ನಂಬಲಾಗದು.

ದೋಷ ಯಾವುದೆಂದು ನಿಶ್ಚಯವಾದ ಮೇಲೆ ತಿದ್ದುಗೆ. ಓಲುವವನಿಗೆ ಬಲಸೊಂಟದ ಹೊರಬದಿಗೆ ಎರಡು ಬೆರಳಿನಷ್ಟು ಅಂತರದಲ್ಲಿ ಕೋಲೊಂದನ್ನು ನೆಲಕ್ಕೆ ನೆಟ್ಟು, ಅದನ್ನು ತಾಗದಂತೆ ಹಿಂಬೀಸು ಮಾಡಿಸಬೇಕು. ಬಲಪಾದದ ಹೊರಅಂಚಿನ ಕೆಳಗೆ ತೆಳುವಾದ ಹಲಗೆ ಇಡುವುದೂ ಫಲಕಾರಿ. ವಿಪರ್ಯಸ್ತ ಭಾರಾಂತರವುಳ್ಳವನಿಗೆ ತಲೆಯ ವಿಷಯವನ್ನು ಮರೆಯಲು ಹೇಳಿ, ದಾಂಡನ್ನು ಎದೆಗಡ್ಡವಾಗಿ ಹಿಡಿದು, ಅದರ ಎಡತುದಿ ಚೆಂಡನ್ನು ದಾಟಿ ಬಲಮೊಣಕಾಲಿನ ಕಡೆಗೆ ಬರುವಂತೆ ಭುಜಗಳನ್ನು ತಿರುಗಿಸುವ ಅಭ್ಯಾಸ ಕೊಡಬೇಕು. ಹಿಂದೆ ಉಳಿಯುವವನಿಗೆ ಹೆಜ್ಜೆಯ ಅಭ್ಯಾಸ ಉತ್ತಮ: ಪಾದಗಳನ್ನು ಜೋಡಿಸಿ ನಿಂತು ಹಿಂಬೀಸು ಮಾಡಿ, ದಾಂಡು ತುದಿ ಮುಟ್ಟುವ ಮುನ್ನವೇ ಎಡಗಾಲನ್ನು ಗುರಿಯ ಕಡೆಗೆ ಒಂದು ಹೆಜ್ಜೆ ಇಟ್ಟು, ಆಮೇಲೆ ಬೀಸುವುದು. ಕೊಡಲಿ ಹಿಡಿದವನ ಕ್ರಮವೇ ಇದು. ಜಾರುವವನಿಗೆ ಎಡಸೊಂಟದ ಬದಿಗೆ ಕೋಲು ನೆಟ್ಟು, ಅದನ್ನು ಮೃದುವಾಗಿ ಸೋಕಿದೊಡನೆ ತಿರುಗುವುದನ್ನು ಕಲಿಸಬೇಕು. ಪಾದಗಳನ್ನು ಜೋಡಿಸಿಯೇ ಅರ್ಧ ಬೀಸು ಬೀಸುವುದೂ ಅವನಿಗೆ ಹಿತ, ಏಕೆಂದರೆ ಹಾಗೆ ನಿಂತು ಜಾರಿದರೆ ಬೀಳುತ್ತಾನೆ.

ಎಲ್ಲ ಅಭ್ಯಾಸಗಳನ್ನೂ ಮೊದಲು ಚೆಂಡಿಲ್ಲದೆ, ಆಮೇಲೆ ಸೊಂಟದೆತ್ತರದ ಬೀಸಿನಲ್ಲಿ, ಕೊನೆಗೆ ಪೂರ್ಣ ಬೀಸಿನಲ್ಲಿ ಮಾಡಿಸಬೇಕು. ಒಂದು ಕಾಲದಲ್ಲಿ ಒಂದೇ ದೋಷವನ್ನು ತಿದ್ದತಕ್ಕದ್ದು. ಕೋಲು, ಗೆರೆ, ಹೆಜ್ಜೆ ಇವುಗಳಿಗೆ ಪ್ರಾಶಸ್ತ್ಯ ಕೊಟ್ಟಿರುವುದಕ್ಕೂ ಆಧಾರವುಂಟು. ಗೇಬ್ರಿಯೆಲ್ ವುಲ್ಫ್ ಮತ್ತು ಸಹೋದ್ಯೋಗಿಗಳು ೧೯೯೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೋಳುಗಳ ಚಲನೆಯ ಮೇಲೆ ಗಮನವಿಟ್ಟು ಗಾಲ್ಫ್ ಕಲಿತವರಿಗಿಂತ ದಾಂಡಿನ ಚಲನೆಯ ಮೇಲೆ ಗಮನವಿಟ್ಟು ಕಲಿತವರು ಹೆಚ್ಚು ನಿಖರವಾಗಿ ಹೊಡೆದರು. ಆದುದರಿಂದ ಭಾರಾಂತರವನ್ನು ಕಲಿಸಲು ಭಾರಾಂತರವೆಂಬ ಮಾತನ್ನು ವಿದ್ಯಾರ್ಥಿಯ ಮುಂದೆ ಆಡದಿರುವುದೇ ಲೇಸು. ಶಿಕ್ಷಕನಿಗೆ ಅದು ತಿಳಿದಿರಬೇಕು; ವಿದ್ಯಾರ್ಥಿಗೆ ಕೋಲು ಕಂಡರೆ ಸಾಕು.

೮. ಬೆನ್ನಿನ ರಕ್ಷಣೆ

ಗಾಲ್ಫ್ ಆಟಗಾರರನ್ನು ಅತಿ ಹೆಚ್ಚಾಗಿ ಕಾಡುವ ನೋವುಗಳಲ್ಲಿ ಸೊಂಟದ ಮೇಲಣ ಬೆನ್ನುನೋವು ಪ್ರಮುಖವಾದದ್ದು. ಪೂರ್ಣ ಬೀಸಿನಲ್ಲಿ ಕೆಳಬೆನ್ನಿನ ಮೇಲೆ ಬೀಳುವ ಅದುಮುಬಲ ದೇಹತೂಕದ ಎಂಟರಷ್ಟಾಗಬಹುದೆಂದು ಅಮೆರಿಕದ ಹೋಸಿಯಾ ಮತ್ತು ಸಂಗಡಿಗರು ೧೯೯೦ರಲ್ಲಿ ಲೆಕ್ಕ ಹಾಕಿ ತೋರಿಸಿದರು. ನೆಟ್ಟಗಿರುವ ಬೆನ್ನು ಈ ಬಲವನ್ನು ಒಂದು ಮಟ್ಟಿಗೆ ತಾಳಿಕೊಳ್ಳುತ್ತದೆ. ವಾಲಿದ ಬೆನ್ನು ಅದೇ ವೇಳೆಗೆ ತಿರುಚಿಕೊಂಡರೆ ಬೆನ್ನೆಲುಬಿನ ಒಂದೇ ಬದಿಯ ಕೀಲುಗಳು ಹೊರೆಯನ್ನೆಲ್ಲ ಹೊರಬೇಕಾಗುತ್ತದೆ. ವಿಪರ್ಯಸ್ತ ಭಾರಾಂತರದಲ್ಲಿಯೂ ಹಿಂದೆ ಉಳಿಯುವ ದೋಷದಲ್ಲಿಯೂ ಆಗುವುದು ಇದೇ. ಆದಕಾರಣ ಈ ಎರಡನ್ನು ಚೆಂಡಿನ ಗತಿಗಾಗಿ ಮಾತ್ರವಲ್ಲ, ಆಟಗಾರನ ಶರೀರಕ್ಕಾಗಿ ಮೊದಲು ತಿದ್ದಬೇಕು. ಅಭ್ಯಾಸದಲ್ಲಿ ನೋವು ಕಂಡರೆ ಅಂದಿಗೆ ದಾಂಡನ್ನು ಕೆಳಗಿಡಿಸಬೇಕು. ನೋವು ಕಾಲಿಗಿಳಿದರೆ ಅಥವಾ ಕಾಲು ಮರಗಟ್ಟಿದರೆ ವೈದ್ಯರಲ್ಲಿಗೆ ಕಳುಹಿಸಬೇಕು. ಬೆಳಿಗ್ಗೆ ಮೈದಾನದಲ್ಲಿ ಚೀಲ ಹೊತ್ತು ಮಧ್ಯಾಹ್ನ ತರಗತಿಗೆ ಬರುವ ವಿದ್ಯಾರ್ಥಿಯ ಬೆನ್ನು ಅದಾಗಲೇ ದಣಿದಿರುತ್ತದೆ ಎಂಬುದನ್ನು ಅಭ್ಯಾಸದ ಪ್ರಮಾಣ ಗೊತ್ತುಮಾಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಒಟ್ಟಿನಲ್ಲಿ ಹೇಳುವುದಾದರೆ, ಭಾರಾಂತರವು ಬೀಸಿನ ಉದ್ದೇಶವಲ್ಲ. ಪಾದಗಳು ನೆಲವನ್ನು ಸಕಾಲದಲ್ಲಿ, ಸರಿಯಾದ ಕಡೆ ಒತ್ತಿದುದರ ಫಲ. ಫಲವನ್ನು ನೇರವಾಗಿ ಆಜ್ಞಾಪಿಸಿದಾಗ ದೋಷಗಳು ಹುಟ್ಟುತ್ತವೆ. ಕಾರಣವನ್ನು ಒದಗಿಸಿದಾಗ ಫಲ ತಾನಾಗಿ ಬರುತ್ತದೆ. ಸುಣ್ಣದ ಗೆರೆ, ಎರಡು ಕೋಲು, ಒಂದು ತೆಳು ಹಲಗೆ - ಇವಿಷ್ಟು ಸಾಧನಗಳು ನಮ್ಮ ಯಾವ ಕಾಲೇಜಿನ ಆಟದ ಬಯಲಿನಲ್ಲೂ ದೊರೆಯತಕ್ಕವು. ದೈಹಿಕ ಶಿಕ್ಷಣ ಮತ್ತು ಭೌತಶಾಸ್ತ್ರ ವಿಭಾಗಗಳು ಕೂಡಿ ಗೆರೆಯ ಪರೀಕ್ಷೆಯನ್ನು ಒಂದು ವರ್ಷ ಕ್ರಮವಾಗಿ ನಡೆಸಿ, ತಿದ್ದುಗೆಗೆ ಮುಂಚೆ ಮತ್ತು ಆಮೇಲೆ ದಾಂಡು ನೆಲ ಮುಟ್ಟಿದ ಸ್ಥಾನಗಳನ್ನು ಬರೆದಿಟ್ಟರೆ, ಯಾವ ತ

ಿದ್ದುಗೆ ಯಾವ ದೋಷಕ್ಕೆ ಸಲ್ಲುತ್ತದೆಂಬುದು ನಮ್ಮ ವಿದ್ಯಾರ್ಥಿಗಳ ಅನುಭವದಿಂದಲೇ ಸ್ಥಿರಪಡುವುದು.